ನೋಟು ಒಂದು, ತಿಜೋರಿ 21: ಯೂರೋಪಿನಲ್ಲಿ ದುಡ್ಡಿನ ತೀರ್ಮಾನ ಯಾರದ್ದು?

ಪ್ರಶ್ನೆ: ಮಗಳು, ಅಳಿಯ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾರೆ. ಹೋಗಿ ಎರಡು ತಿಂಗಳು ಇದ್ದು ಬಂದೆ. ಅಲ್ಲಿನ ಸುದ್ದಿಯಲ್ಲಿ ಒಂದು ದಿನ ‘ಬ್ರಸೆಲ್ಸ್ ಹೀಗೆ ತೀರ್ಮಾನಿಸಿದೆ’ ಅಂತ ಬರುತ್ತದೆ, ಮಾರನೇ ದಿನ ‘ಫ್ರಾಂಕ್‌ಫರ್ಟ್ ಒಪ್ಪಿಲ್ಲ’ ಅಂತ, ಮತ್ತೊಂದು ದಿನ ‘ಬರ್ಲಿನ್ ಏನು ಹೇಳುತ್ತದೋ’ ಅಂತ. ಪಕ್ಕದ ಮನೆಯ ಡಚ್ ಅಜ್ಜ ‘ದಕ್ಷಿಣದವರ ಸಾಲವನ್ನೆಲ್ಲ ನಾವೇ ತೀರಿಸಬೇಕು’ ಎಂದು ಗೊಣಗುತ್ತಿದ್ದರು. ಹಣ ಒಂದೇ ಆದಮೇಲೆ ಹಣಕಾಸು ಮಂತ್ರಿಯೂ ಒಬ್ಬರೇ ಇರಬೇಕಲ್ವಾ? ಗ್ರೀಸ್‌ಗೆ ಅಷ್ಟು ಕಷ್ಟ ಬಂದಾಗ ಅವರು ನೋಟು ಅಚ್ಚು ಹಾಕಿಕೊಳ್ಳಬಹುದಿತ್ತಲ್ಲ? — ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲಿಂದ ಬರುವಾಗ ಒಂದೆರಡು ಯೂರೋ ನೋಟು ಖರ್ಚಾಗದೆ ನಿಮ್ಮ ಹತ್ತಿರ ಉಳಿದಿರಬಹುದು. ಇದ್ದರೆ ಒಂದನ್ನು ತೆಗೆದು ಹಿಂಬದಿ ನೋಡಿ. ಒಂದು ಸೇತುವೆಯ ಚಿತ್ರ ಇದೆ. ಅದು ಯಾವ ಊರಿನದು ಅಂತ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಬೇಕಂತಲೇ ಎಲ್ಲೂ ಇಲ್ಲದ ಸೇತುವೆ ಬರೆಸಿದರು. ಪ್ಯಾರಿಸ್‌ನದ್ದು ಹಾಕಿದರೆ ರೋಮ್‌ಗೆ ಬೇಜಾರು, ರೋಮ್‌ನದ್ದು ಹಾಕಿದರೆ ಬರ್ಲಿನ್‌ಗೆ. (ಆಮೇಲೆ ನಿಮ್ಮ ಮಗಳಿರುವ ದೇಶದವರೇ ಒಂದು ತಮಾಷೆ ಮಾಡಿದರು. ಸ್ಪೈಕೆನಿಸ್ಸೆ ಎಂಬ ಊರಿನಲ್ಲಿ ಆ ಏಳೂ ನೋಟಿನ ಸೇತುವೆಗಳನ್ನು ನಿಜವಾಗಿ ಕಟ್ಟಿಬಿಟ್ಟರು. ಮುಂದಿನ ಸಲ ಹೋದಾಗ ನೋಡಿ ಬನ್ನಿ.)

ಯಾರದ್ದೂ ಅಲ್ಲದ ಸೇತುವೆಯನ್ನು ನೋಟಿನ ಮೇಲೆ ಹಾಕುವುದು ಸುಲಭ. ಯಾರದ್ದೂ ಅಲ್ಲದ ಹಣಕಾಸು ಮಂತ್ರಿಯನ್ನು ಎಲ್ಲಿಂದ ತರುವುದು? ತರಲಿಲ್ಲ. ಯೂರೋಗೆ ಹಣಕಾಸು ಮಂತ್ರಿಯೇ ಇಲ್ಲ. ನಿಮ್ಮ ಗೊಂದಲಕ್ಕೆ ಅದೇ ಮೂಲ.

ಶಿರಸಿಯವರಿಗೆ ಅಡಿಕೆ ಸೊಸೈಟಿಯ ಮೂಲಕ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ತಕ್ಕಡಿ ಸೊಸೈಟಿಯದು. ತೋಟ ಅವರವರದು, ತೋಟದ ಮೇಲಿನ ಸಾಲವೂ ಅವರವರದು. ಯೂರೋಪಿನಲ್ಲಿ ತಕ್ಕಡಿ ಫ್ರಾಂಕ್‌ಫರ್ಟ್‌ನಲ್ಲಿದೆ: ಬಡ್ಡಿ ಎಷ್ಟು, ನೋಟು ಎಷ್ಟು ಎಂಬುದನ್ನು ಅಲ್ಲಿನ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಹೇಳುತ್ತದೆ. ತೆರಿಗೆ, ಪಿಂಚಣಿ, ಶಾಲೆ, ಆಸ್ಪತ್ರೆ ಎಲ್ಲ ಆಯಾ ದೇಶದ ಪಾರ್ಲಿಮೆಂಟಿನ ಕೈಲಿದೆ. ಬ್ರಸೆಲ್ಸ್‌ನದ್ದು, ಅಂದರೆ ಅಲ್ಲಿರುವ ಯೂರೋಪಿಯನ್ ಆಯೋಗದ್ದು, ಸೊಸೈಟಿಯ ಕಾರ್ಯದರ್ಶಿಯ ಕೆಲಸ. ಬೈಲಾ ಪುಸ್ತಕ ಹಿಡಿದು ‘ನಿಮ್ಮ ಸಾಲ ಜಾಸ್ತಿ ಆಯ್ತು’ ಅಂತ ಎಚ್ಚರಿಸುವುದು. ಮತ್ತೆ ಒಂದು ಮುಖ್ಯ ಕಲಂ: ಯಾರ ಸಾಲಕ್ಕೂ ಯಾರೂ ಜಾಮೀನಲ್ಲ.

ಈ ಜಾಮೀನು ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಅಲ್ಲಿ ನಡೆದ ದುಡ್ಡಿನ ಜಗಳವೆಲ್ಲ ಅದರ ಸುತ್ತಲೇ. ‘ತೀರ್ಮಾನ ಯಾರದ್ದು?’ ಅಂತ ನೀವು ಕೇಳಿದ್ದೀರಿ. ಜಾಮೀನಿಗೆ ಯಾರ ಸಹಿ ಬೇಕೋ ಅವರದ್ದು. ನನ್ನ ಉತ್ತರ ಇಷ್ಟೇ. ಉಳಿದದ್ದು ವಿವರ.

ಮೊದಲು ಫ್ರಾಂಕ್‌ಫರ್ಟ್. 1999ರ ಜನವರಿ 1ಕ್ಕೆ 11 ದೇಶಗಳು ಸೇರಿ ಯೂರೋ ಶುರು ಮಾಡಿದವು. 2026ರ ಜನವರಿ 1ಕ್ಕೆ ಬಲ್ಗೇರಿಯಾ ಸೇರಿದ ಮೇಲೆ 21 ಆದವು. ಯೂರೋಪಿಯನ್ ಒಕ್ಕೂಟದಲ್ಲಿ ಒಟ್ಟು 27 ದೇಶ, ಉಳಿದವು ಇನ್ನೂ ಸ್ವಂತ ನಾಣ್ಯ ಇಟ್ಟುಕೊಂಡಿವೆ. ಬಡ್ಡಿ ನಿಗದಿ ಮಾಡಲು ಬ್ಯಾಂಕಿನ ಆಡಳಿತ ಮಂಡಳಿ ಆರು ವಾರಕ್ಕೊಮ್ಮೆ ಕೂರುತ್ತದೆ. ಆರು ಜನ ಕಾಯಂ ಸದಸ್ಯರು, ಜೊತೆಗೆ ಪ್ರತಿ ದೇಶದ ರಿಸರ್ವ್ ಬ್ಯಾಂಕಿನ ಗವರ್ನರ್. ಆದರೆ ಗವರ್ನರುಗಳಿಗೆ ಒಟ್ಟು 15 ವೋಟು ಮಾತ್ರ, ಅದನ್ನು ಸರದಿಯಂತೆ ಹಂಚಿಕೊಳ್ಳಬೇಕು. ಜರ್ಮನಿಯಂಥ ಜರ್ಮನಿಯ ಗವರ್ನರಿಗೂ ಐದು ತಿಂಗಳಿಗೊಮ್ಮೆ ವೋಟು ಇರುವುದಿಲ್ಲ. ಸುಮ್ನೆ ಕೂತು ಮಾತಾಡಿ ಬರಬೇಕು. ‘ಎಲ್ಲ ಬರ್ಲಿನ್ ಹೇಳಿದಂತೆ’ ಅನ್ನುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ತೊಂದರೆ ಇರುವುದು ಬಡ್ಡಿ ಒಂದೇ ಆಗಿರುವುದರಲ್ಲಿ. ಜ್ವರ ಬಂದವನಿಗೂ ಚಳಿ ಹಿಡಿದವನಿಗೂ ಒಂದೇ ಕಷಾಯ. 2003ರ ಜೂನ್‌ನಿಂದ 2005ರ ಡಿಸೆಂಬರ್‌ವರೆಗೆ ಬಡ್ಡಿ ಶೇ 2 ಇತ್ತು. ಮಂಕಾಗಿದ್ದ ಜರ್ಮನಿಗೆ ಅದು ಹಿತವಾಗಿತ್ತು. ಸ್ಪೇನ್, ಐರ್ಲೆಂಡ್‌ಗಳಲ್ಲಿ ಅದೇ ಬಡ್ಡಿಗೆ ಜನ ಸಾಲ ಮಾಡಿ ಮನೆ ಮೇಲೆ ಮನೆ ಕಟ್ಟಿದರು. ಆಮೇಲೆ ಆ ಮನೆಗಳ ಬೆಲೆ ಬಿದ್ದು ಬ್ಯಾಂಕುಗಳೂ ಬಿದ್ದವು. 2022ರಲ್ಲೂ ಇದೇ ಕತೆ. ಆಗಸ್ಟ್‌ನಲ್ಲಿ ಎಸ್ಟೋನಿಯಾದ ಬೆಲೆ ಏರಿಕೆ ಶೇ 20 ದಾಟಿತ್ತು, ಫ್ರಾನ್ಸ್‌ನಲ್ಲಿ ಶೇ 7ರ ಆಸುಪಾಸು. ಬಡ್ಡಿ ಮಾತ್ರ ಇಬ್ಬರಿಗೂ ಒಂದೇ.

ಈಗ ನಿಮ್ಮ ಗ್ರೀಸ್ ಪ್ರಶ್ನೆ. ನೋಟು ಅಚ್ಚು ಹಾಕುವ ಯಂತ್ರ ಅವರ ಹತ್ತಿರ ಇರಲಿಲ್ಲ ಅಂದುಕೊಂಡಿರಾ? ಇತ್ತು. ಅಥೆನ್ಸ್‌ನ ಹೊಲಾರ್ಗೋಸ್ ಬಡಾವಣೆಯಲ್ಲಿ ಗ್ರೀಸ್‌ನ ರಿಸರ್ವ್ ಬ್ಯಾಂಕಿನ ಸ್ವಂತ ಮುದ್ರಣಾಲಯವಿದೆ, ಅಲ್ಲಿ ಯೂರೋ ನೋಟುಗಳೇ ಅಚ್ಚಾಗುತ್ತವೆ. ಯಂತ್ರ ಅಲ್ಲಿದ್ದರೇನು, ಎಷ್ಟು ಅಚ್ಚು ಹಾಕಬೇಕು ಅನ್ನೋ ಲೆಕ್ಕ ಫ್ರಾಂಕ್‌ಫರ್ಟ್‌ನದ್ದು. ಅದಕ್ಕಿಂತ ಹೆಚ್ಚಾಗಿ, ಯಾವ ಸರ್ಕಾರಕ್ಕೂ ಕೇಂದ್ರ ಬ್ಯಾಂಕು ನೇರವಾಗಿ ಸಾಲ ಕೊಡುವಂತಿಲ್ಲ ಎಂದು ಒಕ್ಕೂಟದ ಒಪ್ಪಂದದ 123ನೇ ಕಲಂ ಹೇಳುತ್ತದೆ. ಜಾಮೀನು ಬೇಡ ಎಂಬ ಕಲಂ 125ನೆಯದು. ಎರಡೂ 1992ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಸಹಿಯಾದ ಒಪ್ಪಂದದಿಂದ ಬಂದವು. ಅದು ನಿಮ್ಮ ಮಗಳ ಊರಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರ.

ಅದೇ ಒಪ್ಪಂದದಲ್ಲಿ ಎರಡು ಅಂಕಿ ಇವೆ. ವರ್ಷದ ಬಜೆಟ್ ಕೊರತೆ ದೇಶದ ಉತ್ಪನ್ನದ ಶೇ 3 ಮೀರಬಾರದು. ಒಟ್ಟು ಸಾಲ ಶೇ 60 ಮೀರಬಾರದು. ಈ ಮೂರು ಎಲ್ಲಿಂದ ಬಂತು? ದೊಡ್ಡ ಸಿದ್ಧಾಂತ ಏನೂ ಇಲ್ಲ. 1981ರಲ್ಲಿ ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ ಅವರಿಗೆ ಮಂತ್ರಿಗಳ ಖರ್ಚಿನ ಬಾಯಿ ಮುಚ್ಚಿಸಲು ಒಂದು ಅಂಕಿ ಬೇಕಿತ್ತು. ಬಜೆಟ್ ಇಲಾಖೆಯ ಕಿರಿಯ ಅಧಿಕಾರಿಗಳು ತರಾತುರಿಯಲ್ಲಿ ಒಂದನ್ನು ಹೊಂದಿಸಿಕೊಟ್ಟರು. ಅವರಲ್ಲೊಬ್ಬರು ಆಮೇಲೆ ತಾವಾಗಿಯೇ ಇದನ್ನು ಹೇಳಿಕೊಂಡಿದ್ದಾರೆ. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದು ಇಡೀ ಖಂಡದ ಕಾನೂನಾಗಿತ್ತು. ನಮ್ಮಲ್ಲೂ ಶೇ 3ಕ್ಕೆ ಭಾರಿ ಮರ್ಯಾದೆ. ಕೇಂದ್ರಕ್ಕಿಂತ ಮೊದಲೇ, 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ಕರ್ನಾಟಕ, ಅದರಲ್ಲೂ ಕೊರತೆಗೆ ಹಾಕಿದ ಮಿತಿ ಇದೇ ಮೂರು. ನಾನು ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಒಬ್ಬನಾದರೂ ‘ಸರ್, ಮೂರೇ ಯಾಕೆ?’ ಅಂತ ಕೇಳುತ್ತಿದ್ದ. ಪ್ಯಾರಿಸ್‌ನ ಆ ಕತೆ ಹೇಳುತ್ತಿದ್ದೆ. ನಂಬುತ್ತಿರಲಿಲ್ಲ.

ನಿಯಮ ಕಟ್ಟುನಿಟ್ಟಾಗಿರಲಿ ಅಂತ ಹಟ ಹಿಡಿದದ್ದು ಜರ್ಮನಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಪೈಕಿ ಅವರು. ಅವರ ಭಾಷೆಯಲ್ಲಿ ಸಾಲಕ್ಕೆ ‘ಶುಲ್ಡೆನ್’ ಅಂತಾರೆ, ‘ಶುಲ್ಡ್’ ಅಂದರೆ ತಪ್ಪು. ನಮ್ಮಲ್ಲಿ ಸಾಲದ ಅಣ್ಣನಂತಿರುವ ಋಣ ಅನ್ನೋ ಮಾತು ಅನ್ನದ ಋಣ, ತಾಯಿಯ ಋಣ ಅಂತ ಎಲ್ಲೆಲ್ಲೋ ಹೋಗುತ್ತದೆ. ಅವರಲ್ಲಿ ಅದು ನೇರವಾಗಿ ಅಪರಾಧದ ಕಡೆ ಹೋಗುತ್ತದೆ. ಇಷ್ಟಾದರೂ ಮಿತಿ ದಾಟಿದವರಲ್ಲಿ ಅವರೇ ಮುಂದೆ! 2003ರಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಶೇ 3 ಮೀರಿದ್ದವು. ದಂಡದ ದಾರಿಗೆ ಹೋಗೋಣ ಎಂದು ಬ್ರಸೆಲ್ಸ್‌ನ ಆಯೋಗ ಹೇಳಿತು. ತೀರ್ಮಾನಿಸಬೇಕಾದ ಹಣಕಾಸು ಮಂತ್ರಿಗಳು ನವೆಂಬರ್‌ನಲ್ಲಿ ಕೂತು ಆ ಕಡತವನ್ನು ಪಕ್ಕಕ್ಕಿಟ್ಟರು. ಆಯೋಗ ಕೋರ್ಟಿಗೆ ಹೋಯಿತು. ಮಂತ್ರಿಗಳು ಮಾಡಿದ್ದು ಸರಿಯಲ್ಲ ಎಂದು ಕೋರ್ಟು 2004ರ ಜುಲೈನಲ್ಲಿ ಹೇಳಿತು. 2005ರಲ್ಲಿ ನಿಯಮವನ್ನೇ ಸಡಿಲ ಮಾಡಿಕೊಂಡರು.

ಮುಂದೆ 2016ರಲ್ಲಿ, ಫ್ರಾನ್ಸ್‌ಗೆ ಯಾಕೆ ಇಷ್ಟು ರಿಯಾಯಿತಿ ಎಂದು ಕೇಳಿದಾಗ ಆಯೋಗದ ಅಧ್ಯಕ್ಷ ಯುಂಕರ್ ಕೊಟ್ಟ ಉತ್ತರ: ಯಾಕೆಂದರೆ ಅದು ಫ್ರಾನ್ಸ್. ಅದೇ ವರ್ಷ ಸ್ಪೇನ್, ಪೋರ್ಚುಗಲ್‌ಗಳಿಗೆ ದಂಡ ಹಾಕುವ ಹಂತಕ್ಕೆ ಬಂದು, ಕೊನೆಗೆ ದಂಡದ ಮೊತ್ತ ಸೊನ್ನೆ ಎಂದು ಬರೆದರು. ಶೇ 3 ಮೀರಿದ್ದಕ್ಕೆ ಇವತ್ತಿನವರೆಗೆ ಯಾವ ಯೂರೋ ದೇಶವೂ ದಂಡ ಕಟ್ಟಿಲ್ಲ. 2018ರಲ್ಲಿ ಇಟಲಿಯ ಬಜೆಟ್ ಕರಡನ್ನು ಆಯೋಗ ವಾಪಸ್ ಕಳಿಸಿತು. ಸಿಟ್ಟಾದ ಇಟಲಿಯ ಸಂಸದರೊಬ್ಬರು ಸ್ಟ್ರಾಸ್‌ಬರ್ಗ್‌ನ ಯೂರೋಪಿಯನ್ ಪಾರ್ಲಿಮೆಂಟಿನಲ್ಲಿ ಆಯೋಗದ ಆಯುಕ್ತ ಮೊಸ್ಕೊವಿಸಿ ಅವರ ಕಾಗದಗಳ ಮೇಲೆ ತಮ್ಮ ಬೂಟು ತೆಗೆದು ಉಜ್ಜಿಬಿಟ್ಟರು. ‘ಇದು ಇಟಲಿಯಲ್ಲೇ ಮಾಡಿದ ಬೂಟು’ ಅನ್ನೋದು ಅವರ ಹೆಮ್ಮೆ. ಆದರೂ ಇಟಲಿ ಕೊರತೆಯನ್ನು ಶೇ 2.4ರಿಂದ 2.04ಕ್ಕೆ ಇಳಿಸಿಯೇ ಬಜೆಟ್ ಮಾಡಿತು. ಯಾಕೆ? ಬ್ರಸೆಲ್ಸ್‌ನ ಹೆದರಿಕೆಗಿಂತ, ಸರ್ಕಾರಗಳು ಸಾಲ ಎತ್ತುವ ಬಾಂಡ್ ಮಾರುಕಟ್ಟೆಯಲ್ಲಿ ಬಡ್ಡಿ ಏರುವ ಹೆದರಿಕೆ ದೊಡ್ಡದು.

ಇದೆಲ್ಲ ವರ್ಷಕ್ಕೊಮ್ಮೆ ತಿರುಗುವ ಚಕ್ರ. ಅಕ್ಟೋಬರ್ 15ರೊಳಗೆ ಪ್ರತಿ ಯೂರೋ ದೇಶ ಬಜೆಟ್ ಕರಡು ಕಳಿಸಬೇಕು, ಬೇಸಿಗೆ ಹೊತ್ತಿಗೆ ಪ್ರತಿ ದೇಶಕ್ಕೂ ಬ್ರಸೆಲ್ಸ್‌ನಿಂದ ಸಲಹೆಯ ಪಟ್ಟಿ ಬರುತ್ತದೆ. ಸಲಹೆ 2011ರಿಂದ, ಕರಡು 2013ರಿಂದ ನಡೆದಿದೆ. ಹೆಚ್ಚಿನ ಸಲಹೆಗಳು ಫೈಲಿನಲ್ಲೇ ಇರುತ್ತವೆ.

ನಿಜವಾದ ಜಾಗ ಯೂರೋಗ್ರೂಪ್. ಯೂರೋ ದೇಶಗಳ ಹಣಕಾಸು ಮಂತ್ರಿಗಳು ತಿಂಗಳಿಗೊಮ್ಮೆ ಸೇರುವ ಸಭೆ ಇದು. ಒಪ್ಪಂದದ ಅನುಬಂಧದಲ್ಲಿ ಇದಕ್ಕಿರುವುದು ಎರಡೇ ಕಲಂ, ಅದರಲ್ಲೂ ‘ಅನೌಪಚಾರಿಕವಾಗಿ’ ಸೇರುತ್ತಾರೆ ಎಂದಿದೆ. ಅಂದರೆ ಕಾಗದದ ಮೇಲೆ ಇದು ಒಂದು ಹರಟೆ ಕಟ್ಟೆ. ಆದರೆ ಗ್ರೀಸ್‌ನ ಹಣೆಬರಹ ಬರೆದದ್ದು ಇದೇ ಕಟ್ಟೆಯಲ್ಲಿ.

2009ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಬಂದು ಲೆಕ್ಕದ ಪುಸ್ತಕ ತೆಗೆದಾಗ, ಶೇ 3.7 ಅಂದಿದ್ದ ಕೊರತೆ ಶೇ 12 ದಾಟಿತ್ತು. ಪರಿಷ್ಕರಿಸುತ್ತಾ ಹೋದಂತೆ ಅದು ಶೇ 15ನ್ನೂ ಮೀರಿತು. ಸಾಲ ಕೊಡುವವರು ಓಡಿಹೋದರು. ಸ್ವಂತ ನಾಣ್ಯ ಇದ್ದಿದ್ದರೆ ಅದರ ಬೆಲೆ ಬಿದ್ದು, ಪ್ರವಾಸಿಗರಿಗೆ ಅಗ್ಗವಾಗಿ, ನಿಧಾನಕ್ಕೆ ಏಳುತ್ತಿತ್ತು. ಆ ದಾರಿ ಮುಚ್ಚಿತ್ತು. ಜಾಮೀನು ಬೇಡ ಅನ್ನೋ ಕಲಂ ಇದ್ದರೂ 2010ರ ಮೇ ತಿಂಗಳಲ್ಲಿ ಬೇರೆ ದೇಶಗಳು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸೇರಿ 11,000 ಕೋಟಿ ಯೂರೋ ಸಾಲ ಕೊಟ್ಟವು. ‘ಜಾಮೀನಲ್ಲ, ಸಾಲ’ ಅಂತ ಹೆಸರು ಬದಲಿಸಿಕೊಂಡರು. ಅದರಲ್ಲಿ ಬಹುಪಾಲು ಹಿಂದೆ ಸಾಲ ಕೊಟ್ಟಿದ್ದವರ ಕೈಗೇ ಹೋಯಿತು. ಅವರಲ್ಲಿ ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳೂ ಇದ್ದವು. ಬದಲಿಗೆ ಗ್ರೀಸ್ ಪಿಂಚಣಿ ಕತ್ತರಿಸಿತು, ಸಂಬಳ ಇಳಿಸಿತು. ಆರ್ಥಿಕತೆ ಕಾಲು ಭಾಗದಷ್ಟು ಕುಗ್ಗಿತು. 2013ರಲ್ಲಿ ದುಡಿಯುವವರಲ್ಲಿ ಶೇ 27ರಷ್ಟು ಜನಕ್ಕೆ ಕೆಲಸವಿರಲಿಲ್ಲ. ಲೆಕ್ಕಾಚಾರ ತಪ್ಪಿತ್ತೆಂದು ಐಎಂಎಫ್ ಅದೇ ವರ್ಷ ತನ್ನ ವರದಿಯಲ್ಲೇ ಒಪ್ಪಿಕೊಂಡಿತು. ಗ್ರೀಸ್ ಸುಳ್ಳು ಲೆಕ್ಕ ಕೊಟ್ಟದ್ದು ನಿಜ. ಆದರೂ ಆ ಶಿಕ್ಷೆ ತಪ್ಪಿನ ಅಳತೆಗೆ ಮೀರಿದ್ದು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

2015ರ ಬೇಸಿಗೆಯನ್ನು ಹತ್ತಿರದಿಂದ ನೋಡಿದರೆ ‘ತೀರ್ಮಾನ ಯಾರದ್ದು’ ಅನ್ನೋದು ಸ್ಪಷ್ಟವಾಗುತ್ತದೆ. ಗ್ರೀಸ್‌ನ ಹೊಸ ಪ್ರಧಾನಿ ಸಿಪ್ರಾಸ್ ಸಾಲದ ಷರತ್ತುಗಳ ಬಗ್ಗೆ ಜನಮತ ಕೇಳುತ್ತೇನೆ ಅಂದರು. ಜೂನ್ 28ಕ್ಕೆ ಫ್ರಾಂಕ್‌ಫರ್ಟ್ ಗ್ರೀಕ್ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಸಾಲವನ್ನು ಇದ್ದಲ್ಲೇ ನಿಲ್ಲಿಸಿತು, ಒಂದು ಯೂರೋ ಜಾಸ್ತಿ ಇಲ್ಲ. ಮಾರನೇ ದಿನ ಬ್ಯಾಂಕುಗಳ ಬಾಗಿಲು ತೆರೆಯಲಿಲ್ಲ. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಿತಿ. ಕೆಲವೆಡೆ 20ರ ನೋಟು ಮುಗಿದು 50 ಮಾತ್ರ ಸಿಗುತ್ತಿತ್ತು. ಕಾರ್ಡು ಇಲ್ಲದ ಪಿಂಚಣಿದಾರರಿಗಾಗಿ ಸುಮಾರು ಸಾವಿರ ಶಾಖೆಗಳನ್ನು ತೆರೆದರು. ಮುದುಕರು ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು 120 ಯೂರೋ ತಗೊಂಡು ಹೋದರು. ನಮ್ಮ 2016ರ ನವೆಂಬರ್ ನೆನಪಿದೆಯಲ್ಲ, ಹಾಗೇ. ಜುಲೈ 5ಕ್ಕೆ ಶೇ 61 ಜನ ಷರತ್ತು ಬೇಡ ಎಂದು ವೋಟು ಹಾಕಿದರು. ಒಂದೇ ವಾರದಲ್ಲಿ, ಬ್ರಸೆಲ್ಸ್‌ನಲ್ಲಿ 17 ಗಂಟೆ ಎಡೆಬಿಡದೆ ನಡೆದ ಸಭೆಯ ಕೊನೆಗೆ, ಸಿಪ್ರಾಸ್ ಅದಕ್ಕಿಂತ ಬಿಗಿ ಷರತ್ತಿಗೆ ಸಹಿ ಹಾಕಿದರು. ಬೆಳಗಿನ ಜಾವ ಸಿಪ್ರಾಸ್, ಜರ್ಮನಿಯ ಚಾನ್ಸಲರ್ ಮರ್ಕೆಲ್ ಇಬ್ಬರೂ ಎದ್ದು ಹೊರಟಿದ್ದರು, ಈ ಕೋಣೆ ಬಿಟ್ಟು ಹೋಗುವಂತಿಲ್ಲ ಎಂದು ತಡೆದೆ ಎಂದು ಸಭೆ ನಡೆಸಿದ ಟಸ್ಕ್ ಆಮೇಲೆ ಹೇಳಿಕೊಂಡರು. ಜನರ ವೋಟು ಒಂದು ಕಡೆ, ಬ್ಯಾಂಕಿನ ಬೀಗದ ಕೈ ಇನ್ನೊಂದು ಕಡೆ. ಬೀಗದ ಕೈ ಗೆದ್ದಿತು.

ಅದೇ ಬೀಗದ ಕೈ ಇನ್ನೊಂದು ಸಲ ಯೂರೋವನ್ನೇ ಉಳಿಸಿತ್ತು. 2012ರ ಜುಲೈನಲ್ಲಿ ಸ್ಪೇನ್‌ಗೆ ಹತ್ತು ವರ್ಷದ ಸಾಲದ ಬಡ್ಡಿ ಶೇ 7 ದಾಟಿತ್ತು. ಜುಲೈ 26ಕ್ಕೆ ಲಂಡನ್ನಿನಲ್ಲಿ ಫ್ರಾಂಕ್‌ಫರ್ಟ್ ಬ್ಯಾಂಕಿನ ಅಧ್ಯಕ್ಷ ದ್ರಾಗಿ, ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಒಂದು ಮಾತು ಹೇಳಿದರು. ಬಡ್ಡಿ ಇಳಿಯತೊಡಗಿತು. ಸೆಪ್ಟೆಂಬರ್‌ನಲ್ಲಿ ಅದಕ್ಕೆಂದು ಒಂದು ಯೋಜನೆ ಪ್ರಕಟಿಸಿದರು. ಆ ಯೋಜನೆಯಡಿ ಇವತ್ತಿನವರೆಗೆ ಒಂದು ಯೂರೋ ಕೂಡ ಖರ್ಚಾಗಿಲ್ಲ. ಚುನಾವಣೆಗೆ ನಿಲ್ಲದ ಒಬ್ಬರ ಬಾಯಿಮಾತೇ ಜಾಮೀನಾಯಿತು. ಒಳ್ಳೆಯದೇ ಆಯಿತು ಅನ್ನಿ. ಆದರೆ ಇಂಥ ದೊಡ್ಡ ಕೆಲಸ ಪಾರ್ಲಿಮೆಂಟುಗಳಿಂದ ಆಗದೆ ಬ್ಯಾಂಕಿನಿಂದ ಆಗಬೇಕಾಯಿತು ಅನ್ನೋದು ಅಷ್ಟು ಹೆಮ್ಮೆಯ ವಿಷಯ ಅಲ್ಲ.

ಎಲ್ಲರೂ ಸೇರಿ ನಿಜವಾಗಿ ಸಹಿ ಹಾಕಿದ್ದು 2020ರಲ್ಲಿ, ಕೋವಿಡ್ ಹೊಡೆತಕ್ಕೆ. ಜುಲೈ 17ಕ್ಕೆ 27 ದೇಶಗಳ ನಾಯಕರು ಮಾಸ್ಕ್ ಹಾಕಿಕೊಂಡು ಬ್ರಸೆಲ್ಸ್‌ನಲ್ಲಿ ಸೇರಿದರು. ಅವತ್ತು ಮರ್ಕೆಲ್ ಹುಟ್ಟುಹಬ್ಬ, ಪೋರ್ಚುಗಲ್ ಪ್ರಧಾನಿ ಕೋಸ್ಟಾ ಅವರದ್ದೂ. ಶುಭಾಶಯ ಮುಗಿದ ಮೇಲೆ ನಾಲ್ಕು ಹಗಲು, ನಾಲ್ಕು ರಾತ್ರಿ ಜಗಳ. ಜರ್ಮನಿ, ಫ್ರಾನ್ಸ್ ಕೇಳಿದ್ದು 50,000 ಕೋಟಿ ಯೂರೋ ಅನುದಾನ, ಅಂದರೆ ತೀರಿಸಬೇಕಿಲ್ಲದ ಹಣ. ಅಡ್ಡ ನಿಂತದ್ದು ನೆದರ್ಲೆಂಡ್ಸ್, ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್. ‘ಜಿಪುಣ ನಾಲ್ವರು’ ಎಂದು ಅವರಿಗೆ ಹೆಸರೇ ಬಿತ್ತು. 21ರ ಬೆಳಗ್ಗೆ ಐದೂವರೆ ಹೊತ್ತಿಗೆ ಮುಗಿಯಿತು: ಅನುದಾನ 39,000 ಕೋಟಿ, ಸಾಲ 36,000 ಕೋಟಿ. ಈ 75,000 ಕೋಟಿಯವರೆಗೆ ಒಕ್ಕೂಟವೇ ತನ್ನ ಹೆಸರಿನಲ್ಲಿ ಮಾರುಕಟ್ಟೆಯಿಂದ ಎತ್ತಬಹುದು ಎಂದಾಯಿತು. ತೀರಿಸಲು 2058ರವರೆಗೆ ಸಮಯ. ಗ್ರೀಸ್‌ಗೆ ಹತ್ತು ವರ್ಷ ಮೊದಲು ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರೋಗ ಯಾರ ತಪ್ಪೂ ಅಲ್ಲ, ಸಾಲ ಒಬ್ಬರ ತಪ್ಪು — ವ್ಯತ್ಯಾಸ ಅಷ್ಟೇ. ಮತ್ತೆ ಆ ಶುಲ್ಡ್!

ಈಗ ನಿಮ್ಮ ಡಚ್ ಅಜ್ಜ. ಅವರ ಗೊಣಗಾಟದಲ್ಲಿ ಅರ್ಧ ಸತ್ಯ ಇದೆ. ನೆದರ್ಲೆಂಡ್ಸ್ ಒಕ್ಕೂಟದಿಂದ ಪಡೆಯುವುದಕ್ಕಿಂತ ಜಾಸ್ತಿ ಕೊಡುತ್ತದೆ. ಆದರೆ ಆ ನಾಲ್ಕು ರಾತ್ರಿಯ ಚೌಕಾಸಿಯಲ್ಲಿ ವರ್ಷಕ್ಕೆ 192 ಕೋಟಿ ಯೂರೋ ರಿಯಾಯಿತಿ ಬರೆಸಿಕೊಂಡದ್ದನ್ನು ಅವರು ಹೇಳಿರಲಿಕ್ಕಿಲ್ಲ. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿಯುವ ಸರಕಿನ ಸುಂಕ ಒಕ್ಕೂಟಕ್ಕೆ ಸೇರಬೇಕು. ಅದರಲ್ಲಿ ಶೇ 25ನ್ನು ವಸೂಲಿ ಖರ್ಚು ಅಂತ ನೆದರ್ಲೆಂಡ್ಸ್ ಇಟ್ಟುಕೊಳ್ಳುತ್ತದೆ, ಅದನ್ನೂ ಹೇಳಿರಲಿಕ್ಕಿಲ್ಲ. ಗ್ರೀಸ್‌ಗೆ ಕೊಟ್ಟದ್ದು ಸಾಲ, ದಾನ ಅಲ್ಲ. ಇನ್ನು ಒಕ್ಕೂಟದ ಇಡೀ ಬಜೆಟ್ ಅಂದರೆ ಸದಸ್ಯ ದೇಶಗಳ ವರಮಾನದ ಸುಮಾರು ಶೇ 1. ದೆಹಲಿ ಸರ್ಕಾರ ದೇಶದ ಉತ್ಪನ್ನದ ಶೇ 14-15ರಷ್ಟು ಖರ್ಚು ಮಾಡುತ್ತದೆ. ‘ನಮ್ಮ ತೆರಿಗೆ ನಮ್ಮ ಹಕ್ಕು’ ಅಂತ ನಾವು ಜಗಳ ಆಡುವುದು ಅಷ್ಟು ದೊಡ್ಡ ಗಂಟಿನ ಮೇಲೆ. ಅವರು ಹಿಡಿಯಷ್ಟು ಗಂಟಿಗೆ ನಾಲ್ಕು ರಾತ್ರಿ ನಿದ್ದೆ ಬಿಡುತ್ತಾರೆ. ಅಲ್ಲಿ ತೆರಿಗೆಯ ವಿಷಯಕ್ಕೆ 27 ದೇಶವೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಮುಗಿಯಿತು. ಹಾಗಾಗಿ ಗಂಟು ದೊಡ್ಡದಾಗುವುದಿಲ್ಲ.

ಅಜ್ಜನ ದೇಶದವರೇ ಆದ ಡೈಸೆಲ್‌ಬ್ಲೂಮ್ 2013ರಿಂದ ಐದು ವರ್ಷ ಯೂರೋಗ್ರೂಪ್ ಅಧ್ಯಕ್ಷರಾಗಿದ್ದರು. ಹೆಂಡ, ಹೆಣ್ಣಿಗೆ ಖರ್ಚು ಮಾಡಿ ಆಮೇಲೆ ನೆರವು ಕೇಳಬಾರದು ಎಂಬರ್ಥದ ಮಾತಾಡಿ ದಕ್ಷಿಣದವರಿಂದ ಚೆನ್ನಾಗಿ ಬೈಸಿಕೊಂಡವರು ಅವರೇ.

2024ರ ಏಪ್ರಿಲ್ ಕೊನೆಗೆ ಹೊಸ ನಿಯಮ ಬಂದಿವೆ. ಶೇ 3, ಶೇ 60 ಹಾಗೇ ಇವೆ, ಆದರೆ ಪ್ರತಿ ದೇಶಕ್ಕೂ ನಾಲ್ಕರಿಂದ ಏಳು ವರ್ಷದ ಖರ್ಚಿನ ಯೋಜನೆ. ಜುಲೈನಲ್ಲಿ ಏಳು ದೇಶಗಳ ಮೇಲೆ ಅತಿ ಕೊರತೆಯ ಕಡತ ತೆರೆದರು. ಅದರಲ್ಲಿ ಫ್ರಾನ್ಸ್, ಇಟಲಿ, ಬೆಲ್ಜಿಯಂ ಇವೆ. ಗ್ರೀಸ್ ಇಲ್ಲ. ಮರುವರ್ಷ ರಕ್ಷಣೆಯ ಖರ್ಚಿಗೆ ಮಿತಿ ಸಡಿಲಿಸಿದಾಗ, ನಮಗೂ ಬೇಕು ಎಂದವರಲ್ಲಿ ಜರ್ಮನಿಯೂ ಇತ್ತು.

2025ರ ಡಿಸೆಂಬರ್‌ನಲ್ಲಿ ಯೂರೋಗ್ರೂಪ್‌ಗೆ ಹೊಸ ಅಧ್ಯಕ್ಷರನ್ನು ಆರಿಸಿದರು. ಹೆಸರು ಕಿರಿಯಾಕೋಸ್ ಪಿಯೆರಾಕಾಕಿಸ್. ಗ್ರೀಸ್‌ನ ಹಣಕಾಸು ಮಂತ್ರಿ. ಫ್ರಾನ್ಸ್‌ನ ಬಜೆಟ್ ಕೊರತೆ ಚರ್ಚೆಗೆ ಬಂದರೆ ಅಧ್ಯಕ್ಷರ ಕುರ್ಚಿಯಲ್ಲಿ ಅವರೇ ಇರುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮುಂದಿನ ಸಲ ಐಂಡ್‌ಹೋವನ್‌ಗೆ ಹೋದಾಗ ಅಜ್ಜನಿಗೆ ಈ ಸುದ್ದಿ ಹೇಳಿ ನೋಡಿ. ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ.